ಮುದನೂರಿನಿಂದ ದೋಹಾದವರೆಗೆ: ಹೆಣ್ಣು ಯಾರೆಂದು ಹೇಳುವವರು ಯಾರು?

ಬಹಳ ದಿನಗಳಿಂದ ಬರೆಯಬೇಕು ಅಂದುಕೊಂಡು ಮುಂದೂಡುತ್ತಲೇ ಬಂದ ವಿಷಯ ಇದು. ಹುಟ್ಟಿದಾಗ ಗಂಡೆಂದು ಬರೆಸಿಕೊಂಡು ಮುಂದೆ ಹೆಣ್ಣಾಗಿ ಬದುಕುತ್ತಿರುವವರು, ಅಂದರೆ ಟ್ರಾನ್ಸ್‌ಜೆಂಡರ್ ಮಹಿಳೆಯರು, ಹೆಂಗಸರ ಕ್ರೀಡಾಸ್ಪರ್ಧೆಗಳಲ್ಲಿ ಆಡಬಹುದೇ? ಒಲಿಂಪಿಕ್ಸ್ ಬಂದಾಗಲೆಲ್ಲ ಈ ಜಗಳ ಶುರುವಾಗುತ್ತದೆ. ಟೀವಿಯಲ್ಲಿ ನಾಲ್ಕು ಜನ ಕೂತು ಕೂಗಾಡುತ್ತಾರೆ, ಎರಡು ದಿನಕ್ಕೆ ತಣ್ಣಗಾಗುತ್ತದೆ. "ಅದೆಲ್ಲಾ ಅಮೆರಿಕದವರ ತಲಿನೋವು ಬಿಡೋ ಮಾರಾಯ, ನಮ್ಮ ಯಾದಗಿರಿ, ಶಹಾಪುರ, ಸುರಪುರದಾಗ ಹುಡುಗೇರು ಓಡ್ಲಾಕ ಮೈದಾನೇ ಇಲ್ಲ" ಅಂತ ನನ್ನ ಗೆಳೆಯನೊಬ್ಬ ನಗುತ್ತಾನೆ. ಅವನ ಮಾತಿನ ಎರಡನೇ ಅರ್ಧ ಹೆಚ್ಚುಕಡಿಮೆ ನಿಜ. ಮೊದಲರ್ಧದ ಬಗ್ಗೆ ನನ್ನ ತಕರಾರಿದೆ. ಹೆಣ್ಣು ಯಾರು, ಅದನ್ನು ಹೇಳುವ ಅಧಿಕಾರ ಯಾರದು ಅನ್ನುವ ಪ್ರಶ್ನೆ ನಮ್ಮ ಸೀಮೆಗೆ ಹೊಸದೇನಲ್ಲ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಸುರಪುರ ಸೀಮೆಯಲ್ಲಿ ಮುದನೂರು ಅಂತ ಒಂದು ಊರಿದೆ. ದೇವರ ದಾಸಿಮಯ್ಯನವರ ಊರು. ಬಸವಣ್ಣನವರಿಗಿಂತ ಮೊದಲಿನವರು, ವೃತ್ತಿಯಿಂದ ನೇಕಾರರು. ಮೈಮೇಲಿನ ಗುರುತು ನೋಡಿ ಇದು ಹೆಣ್ಣು, ಇದು ಗಂಡು ಅಂತ ಹೆಸರಿಡುವ ಜನಕ್ಕೆ, ಒಳಗಿರುವ ಜೀವ ಅದೆರಡೂ ಅಲ್ಲ ಎಂಬ ಅರ್ಥದ ಮಾತನ್ನು ಅವರು ವಚನದಲ್ಲಿ ಹೇಳಿದ್ದಾರೆ. ಶಾಲೆಯಲ್ಲಿ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡ ನಾವೆಲ್ಲ ಅದರ ಅರ್ಥದ ಬಗ್ಗೆ ಯೋಚಿಸಿದ್ದು ಕಡಿಮೆ. ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಆ ವಚನ ಹಿಡಿದುಕೊಂಡು ಕ್ರೀಡೆಯ ಪ್ರಶ್ನೆಗೆ ಉತ್ತರ ಕೊಡಲು ಆಗುವುದಿಲ್ಲ. ಟ್ರ್ಯಾಕಿನ ಮೇಲೆ ಓಡುವುದು ಆತ್ಮವಲ್ಲ, ಕಾಲು. ಈ ತೊಡಕನ್ನು ನೆನಪಿಟ್ಟುಕೊಂಡೇ ಮುಂದೆ ಹೋಗೋಣ.

ನಮ್ಮ ಜನ ಈ ವಿಷಯದಲ್ಲಿ ಎರಡು ಬಗೆಯಾಗಿ ನಡೆದುಕೊಂಡಿದ್ದಾರೆ. ಒಂದು ಕಡೆ ಜೋಗಪ್ಪಂದಿರಿಗೆ ಜಾಗ ಇದೆ. ಸವದತ್ತಿ ಯಲ್ಲಮ್ಮ, ಹುಲಿಗಿಯ ಹುಲಿಗೆಮ್ಮ ಅಂದರೆ ಸಾಕು, ಸೀರೆ ಉಟ್ಟು ಜಗ ಹೊತ್ತು ಬಂದವರ ಪಡ್ಡಲಗಿಗೆ ಮನೆಯ ಹೆಂಗಸರು ಜೋಳ ಹಾಕಿ ಕೈ ಮುಗಿಯುತ್ತಾರೆ. ಇನ್ನೊಂದು ಕಡೆ, ಅದೇ ಮನೆಯ ಹುಡುಗ ಸೀರೆ ಉಟ್ಟರೆ ಹೊರಗೆ ಹಾಕುತ್ತಾರೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಬದುಕು ಎಲ್ಲರಿಗೂ ಗೊತ್ತು. ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ದೇವರ ಮುಂದೆ ಜಾಗ ಇತ್ತು, ಕಲೆಯಲ್ಲಿ ಜಾಗ ಸಿಕ್ಕಿತು. ಮನೆಯಲ್ಲಿ, ಶಾಲೆಯಲ್ಲಿ, ಮೈದಾನದಲ್ಲಿ ಇರಲಿಲ್ಲ.

ಮೈದಾನದ ಮಾತು ಬಂದರೆ ನಮ್ಮಲ್ಲಿ ಒಂದು ಪದ ಇದೆಯಲ್ಲ... ಗಂಡುಬೀರಿ! ಜೋರಾಗಿ ಓಡುವ, ಮರ ಹತ್ತುವ, ಹುಡುಗರ ಜೊತೆ ಚಿಣಿಫಣಿ ಆಡುವ ಹುಡುಗಿಗೆ ಊರು ಕೊಡುವ ಬಿರುದು ಇದು. ಪ್ರಯೋಗಾಲಯ ಬೇಡ, ಡಾಕ್ಟರು ಬೇಡ, ಒಂದೇ ಪದದಲ್ಲಿ ಲಿಂಗಪರೀಕ್ಷೆ ಮುಗಿದುಹೋಗುತ್ತದೆ. ಕ್ರೀಡಾ ಸಂಸ್ಥೆಗಳು ಮುಂದೆ ಏನೇನು ಮಾಡಿದವು ಅಂತ ಓದುವಾಗ ನನಗೆ ಈ ಪದ ಮತ್ತೆ ಮತ್ತೆ ನೆನಪಿಗೆ ಬಂದಿದೆ.

ಇನ್ನು ಸರ್ಕಾರದ ಕಡೆಗೆ ಬರೋಣ. ಯಾದಗಿರಿ, ಶಹಾಪುರ ಮೊದಲಿನಿಂದಲೂ ನಿಜಾಮರ ಕೈಯಲ್ಲಿದ್ದವು. ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೋತ ಮೇಲೆ, 1860ರ ಒಪ್ಪಂದದಲ್ಲಿ ಸುರಪುರವೂ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತು. ಅತ್ತ ಬ್ರಿಟಿಷರು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಹಿಜಡಾ ಸಮುದಾಯಕ್ಕೆಂದೇ ಒಂದು ಭಾಗ ಇಟ್ಟಿದ್ದರು. ಅದೇ ಮಾದರಿಯಲ್ಲಿ ನಿಜಾಮ ಸರ್ಕಾರ 1329 ಫಸಲಿಯಲ್ಲಿ, ಅಂದರೆ 1919ರ ಸುಮಾರಿಗೆ, ಒಂದು ಕಾಯ್ದೆ ತಂದಿತು. ಹೈದರಾಬಾದ್ ನಗರದಲ್ಲಿ ಮತ್ತು ಸರ್ಕಾರ ಗೊತ್ತುಪಡಿಸಿದ ಬೇರೆ ಊರುಗಳಲ್ಲಿ ಇಂಥವರ ರಿಜಿಸ್ಟರ್ ಇಡಬೇಕು. ಹುಡುಗರನ್ನು ಅಪಹರಿಸುತ್ತಾರೆ ಅನ್ನುವ ಗುಮಾನಿ ಅದಕ್ಕೆ ಕಾರಣ. ರಿಜಿಸ್ಟರಿನಲ್ಲಿ ಹೆಸರಿದ್ದವರು ಹೆಣ್ಣುಡುಗೆ ಉಟ್ಟು ಬೀದಿಗೆ ಬಂದರೆ, ಸಾರ್ವಜನಿಕವಾಗಿ ಹಾಡಿದರೆ, ಕುಣಿದರೆ, ವಾರಂಟ್ ಇಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಜೈಲು. ಮತ್ತೆ ಇಂಥವರು ಯಾರು ಅಂತ ತೀರ್ಮಾನಿಸುವುದು ಹೇಗೆ? ತಾವೇ ಒಪ್ಪಿಕೊಂಡವರು, ಇಲ್ಲವೇ ವೈದ್ಯಕೀಯ ತಪಾಸಣೆಯಲ್ಲಿ ಹಾಗೆ ಕಂಡುಬಂದವರು!

ಆ 'ತಪಾಸಣೆ' ಅನ್ನುವ ಪದ ಗಮನಿಸಿ. ಮುಂದೆ ಕ್ರೀಡೆಯಲ್ಲೂ ಅದೇ ಬರುತ್ತದೆ.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ನಮ್ಮ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಆ ಕಾಯ್ದೆ ಆಚೆ ತೆಲಂಗಾಣದಲ್ಲಿ ಪುಸ್ತಕದಲ್ಲಿ ಉಳಿದೇ ಉಳಿಯಿತು. ಅದು ಸಂವಿಧಾನಕ್ಕೆ ವಿರುದ್ಧ ಎಂದು ತೆಲಂಗಾಣ ಹೈಕೋರ್ಟ್ ರದ್ದು ಮಾಡಿದ್ದು 2023ರ ಜುಲೈನಲ್ಲಿ. ನೂರು ವರ್ಷ ದಾಟಿತ್ತು. ನಾವು ಕರ್ನಾಟಕದವರು ಬಹಳ ಮುಂದೆ ಅಂತ ಬೀಗುವ ಹಾಗೂ ಇಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಒಂದು ಕಲಂ ಸೇರಿಸಿ, ಇದೇ ಸಮುದಾಯದ ರಿಜಿಸ್ಟರ್ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿದ್ದರು. ಸಮುದಾಯದವರು ಕೋರ್ಟಿಗೆ ಹೋಗಿ ಹೋರಾಡಿದ ಮೇಲೆ ಅದರಲ್ಲಿದ್ದ ಸಮುದಾಯದ ಹೆಸರನ್ನು ತೆಗೆದರು. ಈ ನಡುವೆ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪಿನಲ್ಲಿ, ತಾನು ಯಾರು ಅಂತ ಹೇಳುವ ಹಕ್ಕು ಆ ವ್ಯಕ್ತಿಯದೇ, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಬೇಕಿಲ್ಲ ಅಂದಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇಕಡಾ 1ರಷ್ಟು ಒಳಮೀಸಲಾತಿ ಕೊಟ್ಟಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ಇದು ಸಂತೋಷದ ವಿಷಯ.

ಸರಿ, ಕಾನೂನು 'ನೀನು ಹೇಳಿದ್ದೇ ನಿಜ' ಅಂದಿತಲ್ಲ, ಕ್ರೀಡೆಯೂ ಹಾಗೇ ಅನ್ನಬಹುದಲ್ಲ? ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಹೆಂಗಸರ ಸ್ಪರ್ಧೆ ಅನ್ನುವುದು ಯಾರೋ ದಾನವಾಗಿ ಕೊಟ್ಟದ್ದಲ್ಲ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಅಥ್ಲೆಟಿಕ್ಸ್ ಶುರುವಾದದ್ದೇ 1928ರಲ್ಲಿ. ಆ ವರ್ಷ 800 ಮೀಟರ್ ಓಡಿದವರು ದಣಿದು ಕೂತರು ಅಂತ ಗುಲ್ಲೆಬ್ಬಿಸಿ, 1960ರವರೆಗೆ ಆ ಓಟವನ್ನೇ ತೆಗೆದುಬಿಟ್ಟಿದ್ದರು! ಪುರುಷರ 800 ಮೀಟರ್ ವಿಶ್ವದಾಖಲೆ 1 ನಿಮಿಷ 40.91 ಸೆಕೆಂಡು, ಮಹಿಳೆಯರದು 1 ನಿಮಿಷ 53.28 ಸೆಕೆಂಡು. ಹನ್ನೆರಡು ಸೆಕೆಂಡಿನ ಈ ಅಂತರ ಶ್ರಮದ್ದಲ್ಲ. ಹರೆಯದಲ್ಲಿ ಟೆಸ್ಟೋಸ್ಟೆರಾನ್ ಗಂಡಿನ ಎಲುಬು, ಸ್ನಾಯು, ಹೃದಯ, ರಕ್ತಕ್ಕೆ ಮಾಡುವ ಕೆಲಸ ಅದು. ಬೇರೆ ವಿಭಾಗ ಇಲ್ಲದಿದ್ದರೆ ಫೈನಲ್‌ನಲ್ಲಿ ಹೆಂಗಸರೇ ಇರುವುದಿಲ್ಲ. ಇನ್ನು ಮೇಲಿನ ಹಂತದಲ್ಲಿ ಎಷ್ಟು ಸಣ್ಣ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ ಅಂತ ನಮಗೆ ಬೇರೆಯವರು ಹೇಳಬೇಕಿಲ್ಲ. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನ ಕಂಚು ಕಳೆದುಕೊಂಡದ್ದು ಸೆಕೆಂಡಿನ ನೂರರ ಒಂದು ಭಾಗದಲ್ಲಿ. 55.41 ಮತ್ತು 55.42. ದೇಶಕ್ಕೆ ದೇಶವೇ ಇನ್ನೂ ಅದನ್ನು ಮರೆತಿಲ್ಲ. ಆದ್ದರಿಂದ 'ಸ್ವಲ್ಪ ಅನುಕೂಲ ಇದ್ದರೇನಂತೆ' ಅಂತ ಸುಲಭವಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ವಿಭಾಗ ಬೇಕು ಅಂದ ಮೇಲೆ ಬೇಲಿ ಬೇಕು. ಬೇಲಿ ಅಂದ ಮೇಲೆ ತಪಾಸಣೆ. 1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಓಟಗಾರ್ತಿಯರನ್ನು ಡಾಕ್ಟರುಗಳ ತಂಡದ ಮುಂದೆ ಬತ್ತಲೆ ನಡೆಸಿದರು. ಗಂಡಸರು ಹೆಣ್ಣುವೇಷದಲ್ಲಿ ಬಂದು ಪದಕ ಹೊಡೆಯುತ್ತಿದ್ದಾರೆ ಅನ್ನುವ ಶೀತಲ ಸಮರದ ಕಾಲದ ಗುಮಾನಿ. ಜನ ಛೀ ಅಂದ ಮೇಲೆ 1968ರಿಂದ ಒಲಿಂಪಿಕ್ಸ್‌ನಲ್ಲಿ ಕ್ರೋಮೋಸೋಮ್ ಪರೀಕ್ಷೆ ಬಂತು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಒಬ್ಬರಿಗೆ ಮಾತ್ರ ವಿನಾಯಿತಿ. ಕುದುರೆ ಸವಾರಿಗೆ ಬಂದಿದ್ದ ಬ್ರಿಟನ್ನಿನ ರಾಜಕುಮಾರಿ ಆನ್! ರಾಜಕುಮಾರಿಯನ್ನು ಯಾರು ಗಂಡುಬೀರಿ ಅಂತಾರೆ ಹೇಳಿ...

ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಜ್ ಪಾಟಿನೊ 1985ರಲ್ಲಿ ಈ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕ್ರೋಮೋಸೋಮ್ ಎಕ್ಸ್‌ವೈ, ಆದರೆ ಅವರ ದೇಹ ಟೆಸ್ಟೋಸ್ಟೆರಾನ್‌ಗೆ ಸ್ಪಂದಿಸುವುದೇ ಇಲ್ಲ. ಅಂದರೆ ಅದರಿಂದ ಅವರಿಗೆ ಯಾವ ಲಾಭವೂ ಇರಲಿಲ್ಲ. ಪದಕ, ದಾಖಲೆ, ವಿದ್ಯಾರ್ಥಿವೇತನ ಎಲ್ಲ ಹೋಯಿತು. ಹೋರಾಡಿ 1988ರಲ್ಲಿ ಅನುಮತಿ ವಾಪಸ್ ಪಡೆದರು, ಅಷ್ಟರಲ್ಲಿ ಓಟದ ವಯಸ್ಸು ಮುಗಿದಿತ್ತು. 1996ರ ಅಟ್ಲಾಂಟಾದಲ್ಲಿ 3387 ಮಹಿಳೆಯರ ಪರೀಕ್ಷೆ ಮಾಡಿದಾಗ 8 ಜನರಲ್ಲಿ ವೈ ಕ್ರೋಮೋಸೋಮಿನ ಗುರುತು ಸಿಕ್ಕಿತು. ಎಲ್ಲರಿಗೂ ಆಡಲು ಬಿಟ್ಟರು. ವೇಷಧಾರಿ ಗಂಡಸು ಒಬ್ಬನೂ ಸಿಗಲಿಲ್ಲ. 1999ರಲ್ಲಿ ಒಲಿಂಪಿಕ್ ಸಮಿತಿ ಸಾಮೂಹಿಕ ಪರೀಕ್ಷೆಯನ್ನೇ ನಿಲ್ಲಿಸಿತು. ಆದರೆ ಗುಮಾನಿ ಬಂದವರ ಪರೀಕ್ಷೆ ನಿಲ್ಲಲಿಲ್ಲ.

ಆ ಗುಮಾನಿ ನಮ್ಮ ದೇಶದಲ್ಲಿ ಯಾರ ಮೇಲೆ ಬಿತ್ತು ಗೊತ್ತಾ? ತಮಿಳುನಾಡಿನ ಪುದುಕೋಟೈ ಜಿಲ್ಲೆಯ ಶಾಂತಿ ಸೌಂದರಾಜನ್. ದಲಿತ ಕುಟುಂಬ, ಅಪ್ಪ ಅಮ್ಮ ಇಟ್ಟಿಗೆ ಭಟ್ಟಿಯಲ್ಲಿ ಕೂಲಿ. 2006ರ ಡಿಸೆಂಬರಿನಲ್ಲಿ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು. ಪರೀಕ್ಷೆ ಆಯಿತು, ಪದಕ ಕಿತ್ತುಕೊಂಡರು, ಟೀವಿಯಲ್ಲಿ ಊರಿಗೆಲ್ಲ ಸುದ್ದಿ. ಮರುವರ್ಷ ಆಕೆ ಸಾಯಲು ಹೋಗಿದ್ದರು. ಆಮೇಲೆ ಮತ್ತೆ ಇಟ್ಟಿಗೆ ಹೊತ್ತದ್ದೂ ಉಂಟು, ಮುಂದೆ ಕೋಚ್ ಆಗಿ ಮಕ್ಕಳಿಗೆ ಓಟ ಕಲಿಸಿದ್ದೂ ಉಂಟು. ಬಂಗಾಳದ ಪುರುಲಿಯಾದ ಪಿಂಕಿ ಪ್ರಾಮಾಣಿಕ್, ಅದೇ ದೋಹಾದಲ್ಲಿ ರಿಲೇ ಚಿನ್ನ ಗೆದ್ದವರು. 2012ರಲ್ಲಿ ಆಕೆ ಗಂಡಸು ಅನ್ನುವ ಆರೋಪದ ಮೇಲೆ ಅರೆಸ್ಟ್ ಆದರು, ಪರೀಕ್ಷೆಯ ವಿಡಿಯೊ ಮೊಬೈಲುಗಳಲ್ಲಿ ಹರಿದಾಡಿತು. 2014ರಲ್ಲಿ ಕಲ್ಕತ್ತಾ ಹೈಕೋರ್ಟ್ ಆರೋಪಗಳನ್ನು ಕೈಬಿಟ್ಟಿತು. ಒಡಿಶಾದ ನೇಕಾರರ ಮನೆಯ ಹುಡುಗಿ ದ್ಯುತಿ ಚಂದ್ 2014ರಲ್ಲಿ ಕಾಮನ್‌ವೆಲ್ತ್ ತಂಡದಿಂದ ಹೊರಬಿದ್ದರು. ದೇಹದಲ್ಲಿ ಹುಟ್ಟಾ ಟೆಸ್ಟೋಸ್ಟೆರಾನ್ ಹೆಚ್ಚಿದೆ ಅನ್ನುವ ಕಾರಣ. ಆಕೆ ಸುಮ್ಮನಿರದೆ ಕ್ರೀಡಾ ನ್ಯಾಯಮಂಡಳಿಗೆ ಹೋಗಿ 2015ರ ಜುಲೈನಲ್ಲಿ ಆ ನಿಯಮಕ್ಕೇ ತಡೆ ತಂದರು. 2018ರ ಜಕಾರ್ತಾದಲ್ಲಿ ಎರಡು ಬೆಳ್ಳಿ ಗೆದ್ದರು.

ಇವರಲ್ಲಿ ಒಬ್ಬರೂ ಟ್ರಾನ್ಸ್‌ಜೆಂಡರ್ ಅಲ್ಲ, ಗಮನಿಸಿ. ಹೆಣ್ಣಾಗಿ ಹುಟ್ಟಿ, ಹೆಣ್ಣಾಗಿ ಬೆಳೆದು, ಹೆಣ್ಣಾಗಿ ಓಡಿದವರು. ಎಲ್ಲರೂ ಬಡವರ ಮನೆಯವರು, ಹಳ್ಳಿಯವರು. ಬೇಲಿ ಹಾಕಿದ್ದು ಯಾರಿಗೋ, ಮುಳ್ಳು ಚುಚ್ಚಿದ್ದು ಇವರಿಗೆ.

ನಾನು ಓದಿದ ಹೈಸ್ಕೂಲಿನಲ್ಲೂ ಒಬ್ಬ ಹುಡುಗಿ ಇದ್ದಳು. ಸಣಕಲು ಮೈ, ಮೋಟು ಕೂದಲು, ಬರಿಗಾಲಲ್ಲಿ ಚಿಗರಿ ಹಂಗ ಓಡುತ್ತಿದ್ದಳು. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಆಕೆ ಗೆದ್ದ ಕೂಡಲೇ ಸೋತ ಶಾಲೆಯ ಮಾಸ್ತರರೊಬ್ಬರು "ಇದು ಹುಡುಗೀನೇ ಹೌದೇನ್ರಿ? ಒಮ್ಮೆ ನೋಡ್ರಿ" ಅಂದರು. ಸುತ್ತ ನಿಂತವರು ನಕ್ಕರು. ನಮ್ಮ ಪಿ.ಟಿ. ಮಾಸ್ತರರು "ಆಕಿ ಓಡೂದು ನೋಡ್ರಿ ಸರ, ಬ್ಯಾರೆ ಏನೂ ನೋಡೂದು ಬ್ಯಾಡ" ಅಂದು ಮಾತು ಮುಗಿಸಿದರು. ಮರುವರ್ಷ ಆಕೆ ಮೈದಾನಕ್ಕೆ ಬರಲಿಲ್ಲ. ಮನೆಯವರೆಲ್ಲ ಗುಳೆ ಹೋದರು ಅಂತ ಕೇಳಿದೆ. ಗುಳೆ ಕಾರಣವೋ, ಆ ನಗು ಕಾರಣವೋ, ಯಾರೂ ವಿಚಾರಿಸಲಿಲ್ಲ.

ಈಗ ಟ್ರಾನ್ಸ್‌ಜೆಂಡರ್ ಮಹಿಳೆಯರ ವಿಷಯಕ್ಕೇ ಬರೋಣ. ಅಮೆರಿಕದ ಟೆನ್ನಿಸ್ ಆಟಗಾರ್ತಿ ರೆನೆ ರಿಚರ್ಡ್ಸ್ 1977ರಲ್ಲಿ ನ್ಯೂಯಾರ್ಕಿನ ಕೋರ್ಟಿನಿಂದ ಅನುಮತಿ ತಂದು ಯುಎಸ್ ಓಪನ್ ಆಡಿದರು. ಒಲಿಂಪಿಕ್ ಸಮಿತಿ 2004ರಲ್ಲಿ ಶಸ್ತ್ರಚಿಕಿತ್ಸೆ ಮತ್ತು ಎರಡು ವರ್ಷದ ಹಾರ್ಮೋನ್ ಷರತ್ತಿನೊಂದಿಗೆ ಬಾಗಿಲು ತೆರೆಯಿತು. 2015ರಲ್ಲಿ ಶಸ್ತ್ರಚಿಕಿತ್ಸೆಯ ಷರತ್ತು ಬಿಟ್ಟು ಟೆಸ್ಟೋಸ್ಟೆರಾನ್ ಮಟ್ಟಕ್ಕೆ ಮಿತಿ ಹಾಕಿತು. 2021ರ ಟೋಕಿಯೊದಲ್ಲಿ ನ್ಯೂಜಿಲೆಂಡಿನ ಭಾರ ಎತ್ತುವ ಲಾರೆಲ್ ಹಬ್ಬಾರ್ಡ್ ಕಣಕ್ಕಿಳಿದಾಗ ಜಗತ್ತೆಲ್ಲ ಗದ್ದಲ. ಆಕೆ ಮೂರೂ ಪ್ರಯತ್ನದಲ್ಲಿ ವಿಫಲರಾಗಿ ಹೊರಬಂದರು. ಆಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. 2022ರಲ್ಲಿ ಈಜು, 2023ರ ಮಾರ್ಚಿನಲ್ಲಿ ಅಥ್ಲೆಟಿಕ್ಸ್, ಅದೇ ವರ್ಷ ನವೆಂಬರಿನಲ್ಲಿ ಕ್ರಿಕೆಟ್. ಗಂಡಿನ ಹರೆಯ ದಾಟಿ ಬಂದವರಿಗೆ ಅಂತಾರಾಷ್ಟ್ರೀಯ ಮಹಿಳಾ ವಿಭಾಗ ಇಲ್ಲ. ಅಥ್ಲೆಟಿಕ್ಸ್ ಸಂಸ್ಥೆ ನಿಷೇಧ ಘೋಷಿಸಿದಾಗ ಅದರ ಅಧ್ಯಕ್ಷರೇ, ಆ ಹೊತ್ತಿಗೆ ಅಂತಾರಾಷ್ಟ್ರೀಯ ಮಟ್ಟದಲ್ಲಿ ಅಂಥ ಓಟಗಾರ್ತಿ ಯಾರೂ ಇಲ್ಲ ಅಂತಲೂ ಹೇಳಿದ್ದರು!

ವಿಜ್ಞಾನ ಏನನ್ನುತ್ತದೆ? ಹಾರ್ಮೋನ್ ಚಿಕಿತ್ಸೆಯಿಂದ ಹಿಮೋಗ್ಲೋಬಿನ್ ಕೆಲವೇ ತಿಂಗಳಲ್ಲಿ ಹೆಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಸ್ನಾಯುಬಲ ನಿಧಾನವಾಗಿ ಇಳಿಯುತ್ತದೆ, ಪೂರ್ತಿ ಅಲ್ಲ. ಎತ್ತರ, ಎಲುಬು ಹಾಗೇ ಉಳಿಯುತ್ತವೆ. ಅಮೆರಿಕದ ವಾಯುಪಡೆಯವರ ದಾಖಲೆ ನೋಡಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷದ ಚಿಕಿತ್ಸೆಯ ನಂತರ ಪುಷ್‌ಅಪ್, ಸಿಟ್‌ಅಪ್‌ನಲ್ಲಿ ವ್ಯತ್ಯಾಸ ಹೋಗಿತ್ತು. ಒಂದೂವರೆ ಮೈಲಿ ಓಟದಲ್ಲಿ ಮಾತ್ರ ಅವರು ಇನ್ನೂ ಶೇಕಡಾ 12ರಷ್ಟು ಮುಂದಿದ್ದರು. ಅವರು ಕ್ರೀಡಾಪಟುಗಳಲ್ಲ, ಸೈನಿಕರು ಅನ್ನುವುದನ್ನೂ ಮರೆಯಬಾರದು. ಅಂದರೆ 'ಏನೂ ಲಾಭ ಇಲ್ಲ' ಅನ್ನುವವರೂ, 'ಎಲ್ಲ ಆಟದಲ್ಲೂ ಗೆದ್ದೇ ಗೆಲ್ಲುತ್ತಾರೆ' ಅನ್ನುವವರೂ ಅರ್ಧ ಮಾತ್ರ ಹೇಳುತ್ತಿದ್ದಾರೆ.

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸಿದ್ದು ಇಷ್ಟು. ಇಲ್ಲಿ ಎರಡು ಪ್ರಶ್ನೆಗಳಿವೆ, ನಾವು ಕಲಸಿಬಿಟ್ಟಿದ್ದೇವೆ. 'ನೀನು ಯಾರು' ಅನ್ನುವುದು ಒಂದು. ಅದಕ್ಕೆ ದಾಸಿಮಯ್ಯನವರ ಕಾಲದಿಂದ ನಾಲ್ಸಾವರೆಗೆ ಉತ್ತರ ಇದೆ, ತಪಾಸಣೆ ಮಾಡಿ ಹೇಳುವಂಥದ್ದಲ್ಲ ಅದು. 'ಯಾವ ಸಾಲಿನಲ್ಲಿ ನಿಂತು ಓಡಬೇಕು' ಅನ್ನುವುದು ಇನ್ನೊಂದು. ಇದು ದೇಹದ ಪ್ರಶ್ನೆ, ಆಟದಿಂದ ಆಟಕ್ಕೆ, ಹಂತದಿಂದ ಹಂತಕ್ಕೆ ಬೇರೆ. ವಿಶ್ವ ಚಾಂಪಿಯನ್‌ಶಿಪ್‌ನ ಓಟದಲ್ಲಿ ಬಿಗಿ ನಿಯಮ ಬೇಕು ಅಂದರೆ ನಾನು ಒಪ್ಪುತ್ತೇನೆ. ಅಲ್ಲಿ ಸೆಕೆಂಡಿನ ನೂರನೇ ಭಾಗ ಒಬ್ಬಳ ಇಡೀ ಬದುಕು. ಆದರೆ ಆ ನಿಯಮ ಹೇಳಿದಾಕ್ಷಣ 'ನೀನು ಹೆಣ್ಣೇ ಅಲ್ಲ' ಅಂದಂತಾಗಬಾರದು. ಮತ್ತು ಅಲ್ಲಿನ ನಿಯಮ ಹೋಬಳಿ ಮೈದಾನಕ್ಕೆ ಇಳಿಯಬಾರದು.

ಇಳಿಯದಂತೆ ನೋಡಿಕೊಳ್ಳಲು ಸಾಧ್ಯ ಇದೆ. ಕ್ರಿಕೆಟ್ ಸಂಸ್ಥೆಯ 2023ರ ನಿಯಮ ಅಂತಾರಾಷ್ಟ್ರೀಯ ಪಂದ್ಯಗಳಿಗೆ ಮಾತ್ರ, ದೇಶದೊಳಗಿನ ಆಟ ಆಯಾ ಮಂಡಳಿಗೆ ಬಿಟ್ಟದ್ದು ಅಂದಿತ್ತು. ಕೇರಳ ಹೈಕೋರ್ಟ್ 2022ರಲ್ಲಿ ಜಿಲ್ಲಾ ಮಟ್ಟದ ಜೂಡೋ ಪಂದ್ಯಕ್ಕೆ ಬಂದ ಟ್ರಾನ್ಸ್‌ಜೆಂಡರ್ ಮಹಿಳೆಯ ಅರ್ಜಿಯಲ್ಲಿ, ಅವರಿಗೆಂದು ಬೇರೆ ವಿಭಾಗ ಇಲ್ಲದಿದ್ದರೆ ಆಕೆ ಕೇಳಿದ ವಿಭಾಗದಲ್ಲಿ ಅವಕಾಶ ಕೊಡಬೇಕು ಅಂತ ಮಧ್ಯಂತರ ಆದೇಶ ಕೊಟ್ಟಿತು. ಅದೇ ಕೇರಳ 2017ರಲ್ಲಿ ಈ ಸಮುದಾಯಕ್ಕೆಂದೇ ರಾಜ್ಯಮಟ್ಟದ ಕ್ರೀಡಾಕೂಟ ಮಾಡಿತ್ತು. ನಮ್ಮ ದಸರಾ ಕ್ರೀಡಾಕೂಟ ತಾಲ್ಲೂಕಿನಿಂದ ಶುರುವಾಗಿ ಜಿಲ್ಲೆ, ವಿಭಾಗ ದಾಟಿ ಮೈಸೂರಿಗೆ ಹೋಗುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಯಾರನ್ನೂ ತಡೆಯದೆ ಓಡಿಸುವುದಕ್ಕೆ ಏನು ಕಷ್ಟ? ಯಾರೋ ಪದಕ ಕಸಿಯುತ್ತಾರೆ ಅಂತ ಹೆದರುವುದಕ್ಕಾದರೂ ಆ ಮಕ್ಕಳು ಮೊದಲು ಶಾಲೆಯಲ್ಲಿ ಉಳಿಯಬೇಕಲ್ಲ! ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಮನೆ ಬಿಟ್ಟವರು ಓಡುವುದಾದರೂ ಎಲ್ಲಿ?

ನನಗೆ ನಿಜವಾದ ಭಯ ಇರುವುದು ಇನ್ನೊಂದು ಕಡೆ. 2025ರ ಸೆಪ್ಟೆಂಬರ್ 1ರಿಂದ ವಿಶ್ವ ಅಥ್ಲೆಟಿಕ್ಸ್ ತನ್ನ ವಿಶ್ವ ರ‍್ಯಾಂಕಿಂಗ್ ಸ್ಪರ್ಧೆಗಳ ಮಹಿಳಾ ವಿಭಾಗಕ್ಕೆ ಎಸ್‌ಆರ್‌ವೈ ಅನ್ನುವ ಜೀನ್ ಪರೀಕ್ಷೆ ಕಡ್ಡಾಯ ಮಾಡಿತು. ಜೀವಮಾನದಲ್ಲಿ ಒಂದೇ ಸಲ, ಕೆನ್ನೆಯ ಒಳಗಿಂದ ಒಂದು ಹತ್ತಿಕಡ್ಡಿ ಸವರಿದರೆ ಮುಗಿಯಿತು, ಬತ್ತಲೆ ನಿಲ್ಲಿಸುವುದಿಲ್ಲ ಅನ್ನುವುದು ನಿಜ. ಆದರೆ 1990ರಲ್ಲಿ ಆ ಜೀನ್ ಕಂಡುಹಿಡಿದ ವಿಜ್ಞಾನಿ ಆಂಡ್ರ್ಯೂ ಸಿಂಕ್ಲೇರ್ ಅವರೇ ಈ ಪರೀಕ್ಷೆ ಸಾಲದು ಅಂತ ಬರೆದರು. ಜೀನ್ ಇದೆ ಅಂತ ಗೊತ್ತಾಗುತ್ತದೆ, ಅದು ಆ ದೇಹದಲ್ಲಿ ಏನು ಮಾಡಿದೆ ಅಂತ ಗೊತ್ತಾಗುವುದಿಲ್ಲ. ಪಾಟಿನೊ ಕಥೆ ಮತ್ತೆ ನೆನಪಿಸಿಕೊಳ್ಳಿ. ನಾಳೆ ಶಹಾಪುರದ ಹದಿನಾರರ ಹುಡುಗಿಯೊಬ್ಬಳು ಆ ಮಟ್ಟಕ್ಕೆ ಏರಿ, ಅವಳ ಕೈಗೆ ಇಂಥ ಒಂದು ಚೀಟಿ ಬಂದರೆ ಅದನ್ನು ಕನ್ನಡದಲ್ಲಿ ಓದಿ ಹೇಳುವವರು ಯಾರು? ಅವಳ ಅವ್ವನಿಗೆ ತಿಳಿಸುವವರು ಯಾರು? ಊರಿಗೆ ಸುದ್ದಿ ಮುಟ್ಟದಂತೆ ನೋಡಿಕೊಳ್ಳುವವರು ಯಾರು? ದೋಹಾದಲ್ಲಿ ಈ ಮೂರೂ ಕೆಲಸ ಆಗಲಿಲ್ಲ. ನಿಯಮ ಮಾಡುವವರು ಬೇಲಿಯ ಎತ್ತರದ ಬಗ್ಗೆ ವಾದ ಮಾಡುವಷ್ಟೇ ಹೊತ್ತು ಇದರ ಬಗ್ಗೆಯೂ ಕೂತು ಮಾತಾಡಿದ್ದರೆ ಶಾಂತಿಯವರು ಅಷ್ಟು ವರ್ಷ ಒಬ್ಬರೇ ಅದನ್ನು ಹೊರಬೇಕಾಗಿರಲಿಲ್ಲ.

ನೀವು ಒಪ್ಪದಿರಬಹುದು. ಓಡುವ ಹೆಣ್ಣುಮಕ್ಕಳಿರುವ ಮನೆಯವರು, ಪಿ.ಟಿ. ಮೇಷ್ಟ್ರುಗಳು, ವೈದ್ಯರು ಯಾರಾದರೂ ಓದುತ್ತಿದ್ದರೆ ಖಂಡಿತ ಬರೆಯಿರಿ. ನಿಮ್ಮ ಊರಿನ ಮೈದಾನದಲ್ಲಿ 'ಗಂಡುಬೀರಿ' ಅನ್ನಿಸಿಕೊಂಡು ಓಟ ಬಿಟ್ಟವರ ಕಥೆ ಗೊತ್ತಿದ್ದರೆ, ಹೆಸರು ಬೇಡ, ಕಥೆ ಮಾತ್ರ ಸಾಕು.